ಕ್ವಾರಿಯಲ್ಲಿ ಏಟಾದಾಗ: ಮೊದಲ ಅರ್ಧ ಗಂಟೆಯ ಕೆಲಸ

ಕಲ್ಲು ಕ್ವಾರಿಯಲ್ಲಿ, ಗಣಿಯಲ್ಲಿ ಏಟಾಗುವ ಬಗೆಗಳು ಬಹಳ ಇಲ್ಲ. ಮೇಲಿಂದ ಕಲ್ಲು ಬೀಳುತ್ತದೆ, ಮೇಲಿಂದ ಮನುಷ್ಯ ಬೀಳುತ್ತಾನೆ, ಹಿಂದಕ್ಕೆ ಬರುವ ಟಿಪ್ಪರ್ ಹಾಯುತ್ತದೆ, ಬೆಲ್ಟು ಕೈ ಎಳೆದುಕೊಳ್ಳುತ್ತದೆ, ಸಿಡಿಯಬೇಕಾದ ಮದ್ದು ತಡವಾಗಿ ಸಿಡಿಯುತ್ತದೆ. ಒಂದು ಗಾಯಕ್ಕೆ ಎರಡು ಸಾವಾಗುವುದು, ಬದುಕಬೇಕಾದವರು ಸಾಯುವುದು ಹೆಚ್ಚಾಗಿ ಎರಡು ತಪ್ಪಿನಿಂದ. ಕಾಪಾಡಲು ಓಡಿದವರು ಅದೇ ಜಾಗದಲ್ಲಿ ಸಿಕ್ಕಿಬೀಳುವುದು ಮೊದಲನೆಯದು. 'ನನಗೇನೂ ಆಗಿಲ್ಲ' ಎಂದು ಎದ್ದು ನಿಂತವರನ್ನು ನಂಬಿ ಮನೆಗೆ ಕಳಿಸುವುದು ಎರಡನೆಯದು. ಮೇಸ್ತ್ರಿಗಳು, ಯಂತ್ರ ಓಡಿಸುವವರು, ಜೊತೆ ಕೆಲಸಗಾರರು ಆಂಬುಲೆನ್ಸ್ ಬರುವವರೆಗೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಇಲ್ಲಿದೆ. ಟೂರ್ನಿಕೆ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಕಟ್ಟುವುದು, ಎದೆ ಒತ್ತುವುದು ಇವನ್ನು ಓದಿದರೆ ಸಾಲದು, ಕಲಿಸುವವರ ಎದುರು ಕೈಯಾರೆ ಮಾಡಿ ನೋಡಿರಬೇಕು.

ಓಡುವ ಮುನ್ನ ಮೇಲೆ ನೋಡಿ

ಒಂದು ಕಲ್ಲು ಕಳಚಿ ಬಿದ್ದಿದೆ ಎಂದರೆ ಅದರ ಮೇಲಿನ ಕಲ್ಲು ಆಸರೆ ಕಳೆದುಕೊಂಡಿದೆ ಎಂದರ್ಥ. ಅದು ಮುಂದಿನ ನಿಮಿಷವೇ ಬೀಳಬಹುದು, ನಾಳೆಯೂ ಬೀಳಬಹುದು. ಆದ್ದರಿಂದ ಗಾಯಾಳುವಿನ ಬಳಿ ಹೋಗುವ ಮೊದಲು ಒಬ್ಬರನ್ನು ಗೋಡೆ ಕಾಯಲು ನಿಲ್ಲಿಸಿ, ಕೈಯಲ್ಲಿ ಸೀಟಿ ಕೊಡಿ. ಅವರು ಬೇರೆ ಯಾವ ಕೆಲಸಕ್ಕೂ ಕೈ ಹಾಕುವಂತಿಲ್ಲ, ಬಿದ್ದಿರುವುದು ಅವರ ಸ್ವಂತ ತಮ್ಮನೇ ಆದರೂ. ಪುಡಿಕಲ್ಲು ಉದುರಲು ಶುರುವಾದರೆ, ಬಿರುಕಿನಿಂದ ದೂಳು ಬಂದರೆ, ಇದ್ದ ಬಿರುಕು ಅಗಲವಾದಂತೆ ಕಂಡರೆ ಸೀಟಿ ಊದಬೇಕು. ಸೀಟಿ ಕೇಳಿದವರು ಕೈಯಲ್ಲಿದ್ದುದನ್ನು ಬಿಟ್ಟು ಹೊರಗೆ ಬರಬೇಕು. ಯಾವ ಕಡೆಗೆ ಓಡಬೇಕೆಂಬುದನ್ನು ಒಳಗೆ ಹೋಗುವಾಗಲೇ ಹೇಳಿಕೊಂಡಿರಬೇಕು.

ಹತ್ತಿರದ ಡ್ರಿಲ್ಲು, ಕಂಪ್ರೆಸರ್, ಓಡಾಡುವ ಗಾಡಿ ಎಲ್ಲವೂ ನಿಲ್ಲಲಿ. ಅವುಗಳ ಅದುರು ಗೋಡೆಗೆ ಸೇರುತ್ತದೆ ಎಂಬುದು ಒಂದು ಕಾರಣ. ಸದ್ದಿನ ನಡುವೆ ಸೀಟಿಯೂ ಕೇಳುವುದಿಲ್ಲ, ಕಲ್ಲಿನಡಿ ಇರುವವರ ನರಳಾಟವೂ ಕೇಳುವುದಿಲ್ಲ ಎಂಬುದು ಇನ್ನೊಂದು.

ಅಪಘಾತ ಬ್ಲಾಸ್ಟಿಂಗ್ ವೇಳೆ ಆಗಿದ್ದರೆ ಲೆಕ್ಕ ಬೇರೆ. ಮದ್ದು ತುಂಬಿದ ಎಲ್ಲ ಕುಣಿಗಳೂ ಸಿಡಿದವು ಎಂದು ಬ್ಲಾಸ್ಟರ್ (ಮದ್ದು ಸಿಡಿಸುವವರು) ಖಚಿತವಾಗಿ ಹೇಳದೆ ಯಾರೂ ಒಳಗೆ ಕಾಲಿಡಬಾರದು. ಮದ್ದು ಸಿಡಿಯದೆ ಉಳಿದಿರುವ ಅನುಮಾನವಿದ್ದರೆ, ಬತ್ತಿ ಹಚ್ಚಿದ್ದಾದರೆ ಕಡಿಮೆಯೆಂದರೂ 30 ನಿಮಿಷ, ವಿದ್ಯುತ್ತಿನಿಂದ ಮದ್ದು ಸಿಡಿಸುವ ಕೇಪಾದರೆ ಕಡಿಮೆಯೆಂದರೂ 15 ನಿಮಿಷ ಕಾಯಬೇಕು. ನಿಮ್ಮಲ್ಲಿಯ ಕಾನೂನು ಇದಕ್ಕಿಂತ ಹೆಚ್ಚು ಹೇಳಿದರೆ ಅದೇ ಸರಿ. ಬತ್ತಿ ಕೆಲವೊಮ್ಮೆ ಒಳಗೇ ಹೊಗೆಯಾಡುತ್ತಾ ನಿಧಾನಕ್ಕೆ ಉರಿಯುತ್ತದೆ. ಆರಿತು ಎಂದುಕೊಂಡು ನೋಡಲು ಹೋದವರ ಮುಖಕ್ಕೇ ಸಿಡಿಯುವುದು ಇದರಿಂದ. ಹಿಂದಿನ ಸಿಡಿತದ ಕುಣಿಯ ತಳದಲ್ಲಿ ಮದ್ದು ಉಳಿದಿರಬಹುದು, ಹಾಗಾಗಿ ಹಳೆಯ ಕುಣಿಯಲ್ಲೇ ಮತ್ತೆ ಡ್ರಿಲ್ ಇಳಿಸುವುದು ಕ್ವಾರಿಯಲ್ಲಿ ಮಾಡಬಹುದಾದ ಅತ್ಯಂತ ಕೆಟ್ಟ ಉಳಿತಾಯ.

ಗಣಿಯ ಆಳದ ಗುಂಡಿಯಲ್ಲೋ ಸುರಂಗದಲ್ಲೋ ಮೈಮೇಲೆ ಗಾಯವೇ ಇಲ್ಲದೆ ಒಬ್ಬರು ಕುಸಿದು ಬಿದ್ದಿದ್ದರೆ ಗಾಳಿ ಕೆಟ್ಟಿದೆ ಎಂದೇ ತಿಳಿಯಿರಿ. ಆಮ್ಲಜನಕ ಕಡಿಮೆಯಿರುವ ಗಾಳಿಗೆ ವಾಸನೆ ಇಲ್ಲ, ಕಾರ್ಬನ್ ಮಾನಾಕ್ಸೈಡಿಗೂ ಇಲ್ಲ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಯಾವ ಪ್ರಯೋಜನವೂ ಆಗದು. ಗಾಳಿ ಅಳೆಯುವ ಮೀಟರು, ಉಸಿರಾಟದ ಸಿಲಿಂಡರು ಇರುವ ತಂಡ ಬರುವವರೆಗೆ ಮೇಲಿಂದ ತಾಜಾ ಗಾಳಿ ಊದಿಸುವುದೊಂದೇ ನಿಮ್ಮಿಂದಾಗುವ ಕೆಲಸ. ಇಂಥ ಕಡೆ ಒಬ್ಬರ ಹಿಂದೆ ಒಬ್ಬರಂತೆ ಇಳಿದು ಮೂರು ನಾಲ್ಕು ಜನ ಸಾಯುತ್ತಾರೆ.

ಇಷ್ಟರಲ್ಲಿ ಫೋನ್ ಮಾಡುವ ಕೆಲಸ ಒಬ್ಬರಿಗೆ ಹೆಸರು ಹಿಡಿದು ಒಪ್ಪಿಸಿ. 'ಯಾರಾದರೂ ಫೋನ್ ಮಾಡಿ' ಎಂದರೆ ಯಾರೂ ಮಾಡುವುದಿಲ್ಲ. ಯಾವ ಗೇಟಿನಿಂದ ಬರಬೇಕು, ಏನಾಯಿತು, ಎಷ್ಟು ಜನಕ್ಕೆ, ಉಸಿರಾಡುತ್ತಿದ್ದಾರೆಯೇ, ಎಲ್ಲಾದರೂ ಸಿಕ್ಕಿಕೊಂಡಿದ್ದಾರೆಯೇ ಎಂಬ ಐದು ಮಾತು ಹೇಳಬೇಕು. ಇನ್ನೊಬ್ಬರು ಗೇಟಿನಲ್ಲಿ ನಿಲ್ಲಲಿ. ಕೆಳಗಿಳಿಯುವ ದಾರಿಯಲ್ಲಿ ಟಿಪ್ಪರ್ ನಿಂತಿದ್ದರೆ ಈಗಲೇ ತೆಗೆಸಿ.

ರಕ್ತ

ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ಹಾಗಾಗಿ ಮೂಳೆ ಮುರಿತ, ಸುಟ್ಟ ಗಾಯ ಯಾವುದನ್ನೂ ನೋಡುವ ಮೊದಲು ಚಿಮ್ಮುವ ಅಥವಾ ನಿಲ್ಲದೆ ಹರಿಯುವ ರಕ್ತವನ್ನು ಹುಡುಕಿ. ಬಟ್ಟೆ ಕತ್ತರಿಸಿ ನೋಡಿ, ಬೆನ್ನಿನಡಿಗೂ ತೊಡೆಯಡಿಗೂ ಕೈಯಾಡಿಸಿ. ಕೆಂಪು ಮಣ್ಣು, ಜಲ್ಲಿಪುಡಿ ರಕ್ತವನ್ನು ಹೀರಿಕೊಳ್ಳುವುದರಿಂದ ನೆಲ ನೋಡಿ ಎಷ್ಟು ಹೋಗಿದೆ ಎಂದು ಹೇಳಲಾಗದು.

ಗ್ಲೋವ್ಸ್ ಹಾಕಿಕೊಂಡು ಗಾಯದ ಮೇಲೆ ನೇರವಾಗಿ, ಮೈಭಾರ ಬಿಟ್ಟು ಒತ್ತಿ. ಗಾಯ ಆಳವಾಗಿದ್ದರೆ ಮೇಲೆ ಬಟ್ಟೆ ಮುಚ್ಚಿದರೆ ಸಾಲದು. ಗಾಜ್ (ಗಾಯಕ್ಕೆ ಬಳಸುವ ತೆಳು ಜಾಳು ಬಟ್ಟೆ) ಸುರುಳಿಯನ್ನು ರಕ್ತ ಬರುತ್ತಿರುವ ಜಾಗದವರೆಗೆ ಬೆರಳಿನಿಂದ ತುರುಕಿ ತುಂಬಿ, ಅದರ ಮೇಲೆ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ನಡುವೆ ಎತ್ತಿ ನೋಡಬೇಡಿ, ಎತ್ತಿದಾಗಲೆಲ್ಲ ಆಗತಾನೇ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ಒದ್ದೆಯಾದರೆ ಅದರ ಮೇಲೇ ಇನ್ನೊಂದು ಪದರ ಇಡಿ.

ಕೈ ಕಾಲಿನ ರಕ್ತ ಇದಕ್ಕೂ ನಿಲ್ಲದಿದ್ದರೆ, ಅಥವಾ ಕೈಕಾಲು ತುಂಡಾಗಿದ್ದರೆ ಕಾಯದೆ ಟೂರ್ನಿಕೆ ಕಟ್ಟಿ. ಗಾಯದಿಂದ 5ರಿಂದ 8 ಸೆಂ.ಮೀ. ಮೇಲೆ, ಹೃದಯದ ಕಡೆಗೆ. ಮೊಣಕಾಲು, ಮೊಣಕೈ ಕೀಲಿನ ಮೇಲೆ ಬರಬಾರದು. ಕಡ್ಡಿ ತಿರುಗಿಸುತ್ತಾ ರಕ್ತ ಪೂರ್ತಿ ನಿಲ್ಲುವವರೆಗೆ ಬಿಗಿಯಿರಿ. ತಡೆಯಲಾರದ ನೋವಾಗುತ್ತದೆ, ಗಾಯಾಳು ಬಿಚ್ಚಿ ಎಂದು ಬೇಡಿಕೊಳ್ಳುತ್ತಾರೆ. ನೋವಾಗುತ್ತಿದೆ ಎಂದು ಸಡಿಲಿಸಬೇಡಿ. ಅರೆಬರೆ ಬಿಗಿದದ್ದು ಕಟ್ಟದೇ ಇರುವುದಕ್ಕಿಂತ ಕೆಟ್ಟದ್ದು: ಒಳಹೋಗುವ ರಕ್ತ ಹೋಗುತ್ತಲೇ ಇರುತ್ತದೆ, ಹಿಂದಿರುಗುವ ದಾರಿ ಮಾತ್ರ ಮುಚ್ಚಿರುತ್ತದೆ, ಗಾಯದಿಂದ ಇನ್ನಷ್ಟು ಸುರಿಯುತ್ತದೆ. ಒಂದರಿಂದ ನಿಲ್ಲದಿದ್ದರೆ ಅದರ ಮೇಲ್ಗಡೆ ಇನ್ನೊಂದು ಕಟ್ಟಿ. ಕಟ್ಟಿದ ಸಮಯವನ್ನು ಹಣೆಯ ಮೇಲೋ ಪಟ್ಟಿಯ ಮೇಲೋ ಪೆನ್ನಿನಿಂದ ಬರೆಯಿರಿ. ಹದಿನೈದು ನಿಮಿಷಕ್ಕೊಮ್ಮೆ ಸಡಿಲಿಸಬೇಕು ಎಂಬ ಹಳೆಯ ಪಾಠ ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಅದು ತಪ್ಪು. ಬಿಚ್ಚುವುದು ಆಸ್ಪತ್ರೆಯವರ ಕೆಲಸ. ಎರಡು ಗಂಟೆಯೊಳಗೆ ತಲುಪಿಸಿದರೆ ಸಾಮಾನ್ಯವಾಗಿ ಅಂಗಕ್ಕೆ ಹಾನಿಯಾಗುವುದಿಲ್ಲ.

ತಯಾರಿ ಟೂರ್ನಿಕೆ ಇಲ್ಲದಿದ್ದರೆ 4 ಸೆಂ.ಮೀ.ಗಿಂತ ಅಗಲದ ಗಟ್ಟಿ ಬಟ್ಟೆಪಟ್ಟಿ ಮತ್ತು ಮುರಿಯದ ಒಂದು ಕಡ್ಡಿ ಬೇಕು. ತಂತಿ, ಹಗ್ಗ, ನೈಲಾನ್ ದಾರ ಬೇಡ. ಅವು ಚರ್ಮ ಕೊಯ್ದು ನರ ಹಾಳು ಮಾಡುತ್ತವೆ.

ಕಲ್ಲಿನಡಿ ಸಿಕ್ಕಿಕೊಂಡವರು

ಎದೆ, ಕುತ್ತಿಗೆ, ತಲೆಯ ಮೇಲೆ ಭಾರವಿದ್ದರೆ ಯೋಚಿಸುತ್ತಾ ನಿಲ್ಲುವ ಹಾಗಿಲ್ಲ, ಕೂಡಲೇ ಎತ್ತಬೇಕು. ಕಾಲೋ ಕೈಯೋ ಸಿಕ್ಕಿದ್ದರೂ ಸುರಕ್ಷಿತವಾಗಿ ಎತ್ತಲು ಬರುವಂತಿದ್ದರೆ ಆಗಲೇ ಎತ್ತುವುದು ಒಳ್ಳೆಯದು. ತಡವಾದಷ್ಟೂ ಅಪಾಯ ಹೆಚ್ಚು, ಅದಕ್ಕೆ ಕಾರಣ ಸ್ನಾಯುವಿನೊಳಗಿದೆ. ಭಾರದಡಿ ಜಜ್ಜಿದ ಸ್ನಾಯು ಸಾಯುತ್ತಾ ಹೋಗುತ್ತದೆ, ಅದರೊಳಗಿನ ಪೊಟ್ಯಾಸಿಯಮ್ ಮತ್ತು ಮಯೋಗ್ಲೋಬಿನ್ ಎಂಬ ಪ್ರೋಟೀನ್ ಅಲ್ಲೇ ತಡೆದು ನಿಂತಿರುತ್ತವೆ. ಕಲ್ಲು ಎತ್ತಿದ ಕ್ಷಣ ಇವೆಲ್ಲ ರಕ್ತಕ್ಕೆ ನುಗ್ಗುತ್ತವೆ. ಪೊಟ್ಯಾಸಿಯಮ್ ಹೃದಯ ನಿಲ್ಲಿಸಬಲ್ಲದು, ಮಯೋಗ್ಲೋಬಿನ್ ಕೆಲವು ದಿನಗಳಲ್ಲಿ ಮೂತ್ರಪಿಂಡ ಕೆಡಿಸಬಲ್ಲದು. ಲಂಡನ್ನಿನ ಮೇಲೆ ಬಾಂಬ್ ದಾಳಿ ನಡೆದಾಗ ಕುಸಿದ ಮನೆಗಳಡಿಯಿಂದ ತೆಗೆದವರು ಮೊದಲಿಗೆ ಚೆನ್ನಾಗಿಯೇ ಇದ್ದು, ಆಮೇಲೆ ಮೂತ್ರ ನಿಂತು ಸತ್ತದ್ದನ್ನು ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ ಎಂಬ ವೈದ್ಯರು 1941ರಲ್ಲಿ ವಿವರಿಸಿದರು. ಕ್ವಾರಿಯಲ್ಲಿ ಆಗುವುದೂ ಅದೇ.

ಸಿಕ್ಕಿಕೊಂಡು ಒಂದು ಗಂಟೆ ದಾಟಿದ್ದು, ವೈದ್ಯಕೀಯ ತಂಡ ಹತ್ತಿರದಲ್ಲೇ ಇದ್ದರೆ, ಎತ್ತುವ ಮೊದಲು ಅವರು ನರಕ್ಕೆ ಸಲೈನ್ ಹಚ್ಚಲಿ. ತಂಡ ಬರುವುದು ಬಹಳ ತಡವಾಗುವುದಾದರೆ ಫೋನಿನಲ್ಲೇ ಕೇಳಿ ತೀರ್ಮಾನಿಸಿ. ಎತ್ತುವಾಗ ಒಬ್ಬರು ಟೂರ್ನಿಕೆ ಸಿದ್ಧ ಹಿಡಿದಿರಲಿ, ಕಲ್ಲೇ ಒತ್ತಿ ನಿಲ್ಲಿಸಿದ್ದ ರಕ್ತ ಆಗ ಚಿಮ್ಮಬಹುದು. ರಕ್ತ ಬರದಿದ್ದರೆ ಕಟ್ಟುವ ಅಗತ್ಯವಿಲ್ಲ. ಸಿಕ್ಕಿದ ಸಮಯ, ಬಿಡಿಸಿದ ಸಮಯ ಎರಡನ್ನೂ ಬರೆದು ಆಸ್ಪತ್ರೆಗೆ ಕೊಡಿ. ಅಲ್ಲಿ ಇದನ್ನು ಯಾರೂ ಕೇಳದಿದ್ದರೂ ಹೇಳಿ. ನಂತರದ ದಿನಗಳಲ್ಲಿ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ, ಕಡಿಮೆಯಾದರೆ ಅದು ತುರ್ತು ಸ್ಥಿತಿ.

ಕಲ್ಲು ಎತ್ತುವ ಲೆಕ್ಕ ಹೀಗೆ. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಅರ್ಧ ಮೀಟರ್ ದಪ್ಪದ ಕಲ್ಲು 1,350 ಕಿಲೋ ತೂಗುತ್ತದೆ. ಪೂರ್ತಿ ಎತ್ತಬೇಕಿಲ್ಲ, ಒಂದು ಅಂಚು ಏಳಿಸಿದರೆ ಸಾಕು, ಅದಕ್ಕೆ ಅರ್ಧ ಭಾರ, ಅಂದರೆ 675 ಕಿಲೋ ಬಲ ಬೇಕು. ಒಂದೂವರೆ ಮೀಟರಿನ ಹಾರೆಯ ತುದಿಯಿಂದ 15 ಸೆಂ.ಮೀ. ದೂರದಲ್ಲಿ ಊರುಗಲ್ಲು ಇಟ್ಟರೆ ನೀವು ಒತ್ತಿದ್ದರ ಒಂಬತ್ತು ಪಟ್ಟು ಬಲ ತುದಿಯಲ್ಲಿ ಸಿಗುತ್ತದೆ. 60 ಕಿಲೋ ಭಾರ ಹಾಕಿ ಒತ್ತುವ ಇಬ್ಬರು ಸಾವಿರ ಕಿಲೋಗೂ ಮೇಲೆ ಎತ್ತಬಲ್ಲರು. ಹಾರೆ ಎಷ್ಟು ಬಲ ಕೊಟ್ಟರೂ ಅಂಚು ಏಳುವುದು ಮಾತ್ರ ನಾಲ್ಕೈದು ಬೆರಳಷ್ಟು, ಮತ್ತು ಜಾರಿದರೆ ಕಲ್ಲು ಅದೇ ಕಾಲಿನ ಮೇಲೆ ಎರಡನೇ ಸಲ ಕೂರುತ್ತದೆ.

ಆದ್ದರಿಂದ ಒಂದು ಬೆರಳು ಎತ್ತಿ, ಒಂದು ಬೆರಳು ತುಂಬಿ. ಗಾಯಾಳುವಿನ ಎರಡೂ ಬದಿಗೆ ಮರದ ತುಂಡುಗಳನ್ನು ಇಡಿ, ಎರಡು ಉದ್ದಕ್ಕೆ, ಅವುಗಳ ಮೇಲೆ ಎರಡು ಅಡ್ಡಕ್ಕೆ, ಹೀಗೆ ಚೌಕವಾಗಿ ಏರಿಸಿ, ಕೊನೆಯ ಸಂದಿಗೆ ಬೆಣೆ ಹೊಡೆಯಿರಿ. ಅಟ್ಟಿಯ ಎತ್ತರ ಮರದ ತುಂಡಿನ ಉದ್ದವನ್ನು ಮೀರದಿರಲಿ. ಮರದ ಬದಲು ಕಲ್ಲಿನ ಚೂರು ಇಡಬೇಡಿ, ಕಲ್ಲಿನ ಮೇಲೆ ಕಲ್ಲು ಸದ್ದಿಲ್ಲದೆ ಜಾರುತ್ತದೆ, ಮರವಾದರೆ ಮುರಿಯುವ ಮೊದಲು ಕಿರುಗುಟ್ಟಿ ಎಚ್ಚರಿಸುತ್ತದೆ. ತುಂಡುಗಳನ್ನು ಇನ್ನೊಂದು ಕಡ್ಡಿಯಿಂದ ಒಳಗೆ ತಳ್ಳಿ, ಬೆರಳು ಹಾಕಬೇಡಿ. ಎತ್ತುವ ಆಣತಿ ಕೊಡುವವರು ಒಬ್ಬರೇ ಇರಲಿ.

ಹಿಟಾಚಿ ಇದೆ, ಬಕೆಟ್ಟಿನಿಂದ ತಳ್ಳಿಬಿಡೋಣ ಎಂಬ ಆತುರ ಎಲ್ಲ ಕಡೆಯೂ ಬರುತ್ತದೆ. ತಳ್ಳಿದರೆ ಕಲ್ಲು ಗಾಯಾಳುವಿನ ಮೇಲೇ ಉರುಳುತ್ತಾ ಹೋಗುತ್ತದೆ. ಹಿಟಾಚಿ ಬಳಸುವುದೇ ಆದರೆ ಸರಪಳಿ ಕಟ್ಟಿ ನೇರ ಮೇಲಕ್ಕೆ ಮಾತ್ರ, ಆಪರೇಟರ್ ಒಬ್ಬ ಸನ್ನೆಗಾರರನ್ನು ಮಾತ್ರ ನೋಡುತ್ತಾ. ಬಕೆಟ್ ಎತ್ತಿ ಹಿಡಿದಿದ್ದರೂ ಕೆಳಗೆ ಮರದ ಅಟ್ಟಿ ಇರಲೇಬೇಕು, ಹೈಡ್ರಾಲಿಕ್ ಪೈಪು ಒಡೆದರೆ ತಡೆಯಲು ಬೇರೇನೂ ಇರುವುದಿಲ್ಲ.

ಜಲ್ಲಿ ರಾಶಿಯಲ್ಲೋ ಹಾಪರಿನಲ್ಲೋ (ಜಲ್ಲಿ ಸುರಿಯುವ ದೊಡ್ಡ ಆಲಿಕೆ) ಹೂತುಹೋದವರ ಕಥೆ ಇನ್ನೊಂದು. ಮೊದಲು ಕೆಳಗಿನಿಂದ ಜಲ್ಲಿ ಎಳೆದುಕೊಳ್ಳುವ ಫೀಡರ್ ನಿಲ್ಲಿಸಿ ಬೀಗ ಹಾಕಿ, ಇಲ್ಲದಿದ್ದರೆ ಜಲ್ಲಿ ಒಳಕ್ಕೆ ಎಳೆಯುತ್ತಲೇ ಇರುತ್ತದೆ. ಎದೆಮಟ್ಟ ಹೂತವರನ್ನು ತೋಳು ಹಿಡಿದು ಎಳೆದರೆ ಬರುವುದಿಲ್ಲ, ತೋಳಿನ ಕೀಲು ತಪ್ಪುತ್ತದೆ ಅಷ್ಟೆ. ಪ್ರತಿ ಉಸಿರು ಬಿಟ್ಟಾಗಲೂ ಎದೆ ಕುಗ್ಗಿದ ಜಾಗಕ್ಕೆ ಜಲ್ಲಿ ಇಳಿಯುತ್ತದೆ, ಮುಂದಿನ ಉಸಿರಿಗೆ ಎದೆ ಅಗಲವಾಗಲು ಜಾಗ ಇರುವುದಿಲ್ಲ. ಸುತ್ತ ಹಲಗೆ ಅಥವಾ ತಗಡು ನೆಟ್ಟು, ಹೊರಗಿನ ಜಲ್ಲಿ ಜಾರದಂತೆ ತಡೆದು, ಒಳಗಿನದನ್ನು ಬುಟ್ಟಿಯಲ್ಲಿ ತೋಡಿ ತೆಗೆಯಿರಿ. ಮುಖ ಮತ್ತು ಎದೆ ಮೊದಲು ಬಿಡುಗಡೆಯಾಗಲಿ.

ಬಿದ್ದವರನ್ನು ಎತ್ತುವುದು

ಒಂದು ಮೀಟರಿಗಿಂತ ಎತ್ತರದಿಂದ ಬಿದ್ದವರ, ಗಾಡಿ ಹಾಯ್ದವರ ಬೆನ್ನುಮೂಳೆ ಮುರಿದಿದೆ ಎಂದೇ ಭಾವಿಸಿ. ಇಬ್ಬರು ಕೈ ಕಾಲು ಹಿಡಿದು ಟ್ರ್ಯಾಕ್ಟರಿಗೆ ಹಾಕುವುದರಿಂದ ನಡೆಯಬಹುದಾಗಿದ್ದವರು ಜೀವನಪೂರ್ತಿ ಹಾಸಿಗೆ ಹಿಡಿಯುತ್ತಾರೆ. ನಾಲ್ಕು ಜನ ಬೇಕು. ಒಬ್ಬರು ತಲೆಯ ಕಡೆ ಮಂಡಿಯೂರಿ ಎರಡೂ ಕೈಯಲ್ಲಿ ತಲೆ ಹಿಡಿಯಬೇಕು, ಆಣತಿ ಅವರದು. ಉಳಿದ ಮೂವರು ಒಂದೇ ಬದಿಯಲ್ಲಿ, ಹೆಗಲಿಗೆ ಒಬ್ಬರು, ಸೊಂಟಕ್ಕೆ ಒಬ್ಬರು, ಮೊಣಕಾಲಿಗೆ ಒಬ್ಬರು. 'ಒಂದು, ಎರಡು, ಮೂರು' ಎನ್ನುತ್ತಿದ್ದಂತೆ ಮೂಗು, ಹೊಕ್ಕುಳು, ಕಾಲ್ಬೆರಳು ಒಂದೇ ಗೆರೆಯಲ್ಲಿರುವ ಹಾಗೆ ಇಡೀ ಮೈಯನ್ನು ಮರದ ದಿಮ್ಮಿಯಂತೆ ಹೊರಳಿಸಿ, ಹಲಗೆ ತೂರಿಸಿ, ಹಾಗೇ ಹಿಂದಕ್ಕೆ ಮಲಗಿಸಿ. ಗೋಡೆ ಕುಸಿಯುವ ಭಯವಿದ್ದು ಕಾಯಲಾಗದಿದ್ದರೆ ಹೆಗಲ ಬಳಿಯ ಬಟ್ಟೆ ಹಿಡಿದು, ತಲೆಯನ್ನು ಮುಂಗೈಗಳ ನಡುವೆ ಇಟ್ಟುಕೊಂಡು, ಮೈ ಉದ್ದಕ್ಕೇ ಹಿಂದಕ್ಕೆ ಎಳೆಯಿರಿ. ಪಕ್ಕಕ್ಕೆ ಎಳೆಯಬೇಡಿ.

ಸೊಂಟದ ಮೂಳೆ ಮುರಿದರೆ ಹೊರಗೆ ಒಂದು ಹನಿ ಕಾಣದೆ ಒಳಗೇ ಲೀಟರುಗಟ್ಟಲೆ ರಕ್ತ ಹೋಗುತ್ತದೆ. ಗಾಡಿ ಹಾಯ್ದವರಿಗೆ ತೊಡೆಸಂದಿ, ಸೊಂಟ ನೋವಿದ್ದರೆ ಸೊಂಟ ಹಿಡಿದು ಅಲುಗಿಸಿ ಪರೀಕ್ಷಿಸಬೇಡಿ. ಮಡಚಿದ ಬೆಡ್‌ಶೀಟನ್ನು ತೊಡೆಮೂಳೆಯ ಉಬ್ಬು ಕೈಗೆ ಸಿಗುವ ಮಟ್ಟದಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿ, ಮೊಣಕಾಲುಗಳನ್ನು ಜೋಡಿಸಿ ಕಟ್ಟಿ. ಹೆಚ್ಚಿನವರು ಬೆಲ್ಟ್ ಹಾಕುವ ಮಟ್ಟದಲ್ಲಿ ಕಟ್ಟುತ್ತಾರೆ. ಅದು ಮೇಲಾಯಿತು, ಅಲ್ಲಿ ಕಟ್ಟಿದರೆ ಉಪಯೋಗವಿಲ್ಲ.

ಉಸಿರಿಲ್ಲದಿದ್ದರೆ ಬೆನ್ನುಮೂಳೆಯ ಚಿಂತೆ ಆಮೇಲೆ. ಎದೆಯ ನಡುವೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರಂತೆ ಒತ್ತಿ, ಕಲಿತವರು 30 ಒತ್ತಿಗೆ 2 ಉಸಿರು ಕೊಡಿ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಲಿ. ಎದೆಗೆ ತೂತಾಗಿ ಗಾಳಿ ಒಳಹೊರಗೆ ಆಡುತ್ತಿದ್ದರೆ ಪ್ಲಾಸ್ಟಿಕ್ ಹಚ್ಚಿ ಗಾಳಿಯಾಡದಂತೆ ಮುಚ್ಚಬೇಡಿ, ಒಳಗೆ ಗಾಳಿ ಕಟ್ಟಿಕೊಂಡು ಶ್ವಾಸಕೋಶವನ್ನೂ ಹೃದಯವನ್ನೂ ಒತ್ತುತ್ತದೆ. ತೆರೆದೇ ಬಿಡಿ. ಚುಚ್ಚಿಕೊಂಡ ಸರಳು, ಡ್ರಿಲ್ ಚೂರು ಎಲ್ಲಿದ್ದರೂ ಕೀಳಬೇಡಿ, ಅಲುಗದಂತೆ ಸುತ್ತ ಬಟ್ಟೆ ಒತ್ತರಿಸಿ ಕಟ್ಟಿ.

ಕಣ್ಣು ಮತ್ತು ಬೆರಳು

ಉಳಿಯ ತಲೆ ಏಟು ತಿಂದು ಅರಳಿದಾಗ ಅದರ ಅಂಚಿನಿಂದ ಉಕ್ಕಿನ ಚೂರು ಗುಂಡಿನ ವೇಗದಲ್ಲಿ ಹಾರುತ್ತದೆ. ಕಣ್ಣಿನೊಳಗೆ ಹೊಕ್ಕರೂ ಹೊರಗೆ ಸಣ್ಣ ಕೆಂಪು ಚುಕ್ಕೆ ಮಾತ್ರ ಕಾಣಬಹುದು. ಸುತ್ತಿಗೆ ಏಟಿನ ವೇಳೆ 'ಏನೋ ಬಡಿಯಿತು' ಎಂದವರ ಕಣ್ಣು ಉಜ್ಜಬೇಡಿ, ತೊಳೆಯಬೇಡಿ, ನಾಲಿಗೆಯಿಂದ ಕಸ ತೆಗೆಯುವವರ ಬಳಿ ಕಳಿಸಲೇಬೇಡಿ. ಕಣ್ಣನ್ನು ಒತ್ತದ ಹಾಗೆ ಕಾಗದದ ಲೋಟದ ತಳವನ್ನು ಮೇಲೆ ಇಟ್ಟು ಅಂಟಿಸಿ ಕಳಿಸಿ. ಲೋಹದ ಚೂರಿನ ಅನುಮಾನವಿದೆ ಎಂದು ವೈದ್ಯರಿಗೆ ಹೇಳಲೇಬೇಕು, ಅದಿದ್ದಾಗ ಎಂಆರ್‌ಐ ಮಾಡಿದರೆ ಚೂರು ಒಳಗೇ ಸರಿದು ಕಣ್ಣು ಹಾಳಾಗುತ್ತದೆ. ಬರೀ ದೂಳು ಬಿದ್ದಿದ್ದರೆ ನೀರು ಹರಿಸಿ, ಸುಣ್ಣ ಅಥವಾ ರಾಸಾಯನಿಕವಾದರೆ ಕನಿಷ್ಠ 20 ನಿಮಿಷ ನಿಲ್ಲಿಸದೆ ತೊಳೆಯಿರಿ. ಉಳಿಯ ಅರಳಿದ ಅಂಚನ್ನು ದಿನಾ ಬೆಳಿಗ್ಗೆ ಗ್ರೈಂಡರಿನಲ್ಲಿ ಸವರಿಬಿಟ್ಟರೆ ಈ ಗಾಯದ ಬಹುಪಾಲು ಆಗುವುದೇ ಇಲ್ಲ.

ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ನೀರು ಬೆರೆತ ಮಂಜುಗಡ್ಡೆಯಲ್ಲಿಡಿ. ಬೆರಳಿಗೆ ನೇರವಾಗಿ ಮಂಜುಗಡ್ಡೆ ತಾಗಿದರೆ ಜೀವಕೋಶ ಹೆಪ್ಪುಗಟ್ಟಿ ಸಾಯುತ್ತವೆ. ಚರ್ಮದಲ್ಲಿ ನೇತಾಡುತ್ತಿರುವುದನ್ನು ಕತ್ತರಿಸಬೇಡಿ.

ಸಣ್ಣದಾಗಿ ಕಾಣುವ ಗಾಯಗಳು

ಹೈಡ್ರಾಲಿಕ್ ಹೋಸಿನ ಸೂಜಿಮೊನೆಯಷ್ಟು ತೂತಿನಿಂದ, ಗ್ರೀಸ್ ಗನ್ನಿನಿಂದ ಹೊಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಚ್ಚಿದ ಗುರುತು, ಮೊದಲ ಗಂಟೆ ನೋವೂ ಇಲ್ಲ. ಒಳಗೆ ಎಣ್ಣೆ ಸ್ನಾಯುರಜ್ಜುಗಳ ಜಾಡು ಹಿಡಿದು ಅಂಗೈವರೆಗೆ ಹರಡಿ ಮಾಂಸ ಕೊಳೆಯಿಸುತ್ತದೆ. ಸಂಜೆಗೆ ಬೆರಳು ಊದಿ ಬೆಳ್ಳಗಾಗುವ ಹೊತ್ತಿಗೆ ಅದನ್ನು ಉಳಿಸುವ ಸಮಯ ಕೈತಪ್ಪುತ್ತಿರುತ್ತದೆ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಬೇಕಾದ ಗಾಯ ಇದು. ಯಾವ ಎಣ್ಣೆ, ಎಷ್ಟು ಒತ್ತಡ ಎಂದು ಬರೆದು ಕಳಿಸಿ. ಸೋರಿಕೆ ಹುಡುಕಲು ಕೈ ಸವರುವ ಬದಲು ರಟ್ಟಿನ ತುಂಡು ಹಿಡಿಯಿರಿ. ಮೈದೂಳು ಕೊಡವಲು ಕಂಪ್ರೆಸರ್ ಗಾಳಿ ಹಿಡಿಯುವ ಅಭ್ಯಾಸವೂ ಇದೇ ಜಾತಿಯದು.

ಸಿಡಿತದ ನಂತರ ಕಿತ್ತಳೆ ಅಥವಾ ಕೆಂಪುಗಂದು ಹೊಗೆ ಎದ್ದರೆ ಅದು ನೈಟ್ರೋಜನ್ ಡಯಾಕ್ಸೈಡ್. ಮದ್ದು ನೀರು ಹಿಡಿದಾಗ, ಪೂರ್ತಿ ಉರಿಯದಿದ್ದಾಗ ಇದು ಹೆಚ್ಚು. ಉಸಿರಾಡಿದವರಿಗೆ ಸ್ವಲ್ಪ ಕೆಮ್ಮು, ಕಣ್ಣುರಿ, ಆಮೇಲೆ ಆರಾಮ. ಹಲವು ಗಂಟೆಗಳ ನಂತರ, ಕೆಲವೊಮ್ಮೆ ರಾತ್ರಿ ಮಲಗಿದ ಮೇಲೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೊಗೆಯೊಳಗೆ ಸಿಕ್ಕಿದವರೆಲ್ಲರೂ ಎಷ್ಟೇ ಚೆನ್ನಾಗಿದ್ದರೂ ಅಂದೇ ಆಸ್ಪತ್ರೆಗೆ ಹೋಗಿ ನಿಗಾದಲ್ಲಿರಬೇಕು, ಮೈ ದಣಿಸಬಾರದು. ಸಿಡಿತಕ್ಕೆ ತೀರ ಹತ್ತಿರವಿದ್ದು ಕಿವಿ ಗುಯ್ಗುಡುವವರಿಗೂ ಇದೇ ಮಾತು, ಕಿವಿತಮಟೆ ಹರಿಸಿದ ಒತ್ತಡ ಶ್ವಾಸಕೋಶಕ್ಕೂ ಕರುಳಿಗೂ ತಾಗಿರಬಹುದು. ಕಿವಿಗೆ ಎಣ್ಣೆ ಬಿಡಬೇಡಿ.

ತಲೆಗೆ ಏಟಾಗಿ ಸ್ವಲ್ಪ ಹೊತ್ತು ಸರಿಯಾಗಿದ್ದು, ಮತ್ತೆ ಮತ್ತೆ ವಾಂತಿ, ತೂಕಡಿಕೆ, ಎರಡು ಪಾಪೆಗಳ ಅಳತೆಯಲ್ಲಿ ವ್ಯತ್ಯಾಸ, ಕಿವಿ ಮೂಗಿನಿಂದ ತಿಳಿನೀರು ಕಂಡರೆ ತಡಮಾಡುವಂತಿಲ್ಲ. 'ಸುಸ್ತಾಗಿದೆ, ಮಲಗಲಿ ಬಿಡಿ' ಎಂಬ ಮಾತೇ ಇಲ್ಲಿ ಕೊಲ್ಲುವುದು.

ಬಿಸಿಲಿನಲ್ಲಿ ಬಂಡೆ ಕಾದು, ಗಾಳಿಯಾಡದ ಗುಂಡಿಯಲ್ಲಿ ಕೆಲಸ ಮಾಡುವವರು ಅಸಂಬದ್ಧ ಮಾತಾಡತೊಡಗಿದರೆ, ಮೈ ಸುಡುತ್ತಿದ್ದರೆ ಅದು ಶಾಖಾಘಾತ. ಕುಡಿದಿದ್ದಾರೆ ಎಂದು ಬೈಯುವವರೂ ಇದ್ದಾರೆ. ಮೈಶಾಖ 40 ಡಿಗ್ರಿ ದಾಟಿದ ಮಿದುಳಿಗೆ ನಿಮಿಷಗಳ ಲೆಕ್ಕ. ಮೊದಲು ತಂಪು, ಆಮೇಲೆ ಪ್ರಯಾಣ. ಕುತ್ತಿಗೆವರೆಗೆ ತಣ್ಣೀರಿನಲ್ಲಿ ಕೂರಿಸಿ ತಲೆ ಹಿಡಿದುಕೊಳ್ಳಿ, ತೊಟ್ಟಿ ಇಲ್ಲದಿದ್ದರೆ ಡ್ರಮ್ಮುಗಟ್ಟಲೆ ನೀರು ಸುರಿಯುತ್ತಾ ಗಾಳಿ ಬೀಸಿ. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ನೀರು ಹಾಕಬೇಡಿ.

ಬೆಲ್ಟು, ಗಾಡಿ, ತಂತಿ

ಕ್ರಷರಿನ ಬೆಲ್ಟು ಸೆಕೆಂಡಿಗೆ 2 ಮೀಟರ್ ಓಡುತ್ತಿದ್ದರೆ, ಕೈ ಸಿಕ್ಕಿದ್ದು ಗೊತ್ತಾಗುವ ಅರ್ಧ ಸೆಕೆಂಡಿನಲ್ಲಿ ಒಂದು ಮೀಟರ್ ಒಳಗೆ ಹೋಗಿರುತ್ತದೆ. ಅಷ್ಟಕ್ಕೆ ಇಡೀ ತೋಳು ಮುಗಿಯಿತು. ಕೈ ಸಿಕ್ಕಾಗ ಬೆಲ್ಟನ್ನು ಉಲ್ಟಾ ಓಡಿಸಿ ಬಿಡಿಸಬೇಡಿ, ಮೊದಲ ಸಲ ಉಳಿದದ್ದನ್ನು ಅದು ಎರಡನೇ ಸಲ ಹರಿಯುತ್ತದೆ. ತುರ್ತು ಹಗ್ಗ ಎಳೆದು, ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ, ಬಿಗಿತಕ್ಕೆಂದು ತೂಗಿಬಿಟ್ಟ ಭಾರವನ್ನು ಭದ್ರಪಡಿಸಿ, ತಿರುಪು ಸಡಿಲಿಸಿ ಬೆಲ್ಟು ಜೋಲಾಗಿಸಿ. ಬೀಗದ ಕೈ ರಿಪೇರಿ ಮಾಡುವವರ ಜೇಬಿನಲ್ಲಿರಬೇಕು, ಆಫೀಸಿನ ಮೊಳೆಯಲ್ಲಲ್ಲ. ರೋಲರಿಗೆ ಅಂಟಿದ ಮಣ್ಣನ್ನು ಓಡುವಾಗಲೇ ಸಲಾಕೆಯಿಂದ ಕೆರೆಯುವುದು ಈ ಗಾಯದ ಮಾಮೂಲಿ ಆರಂಭ.

ಟಿಪ್ಪರಿನ ಎತ್ತಿದ ತೊಟ್ಟಿ ವಿದ್ಯುತ್ ತಂತಿಗೆ ತಾಗಿದರೆ ಚಾಲಕರು ಕ್ಯಾಬಿನ್ನಿನಲ್ಲೇ ಕೂತಿರಬೇಕು. ಬೆಂಕಿ ಹೊತ್ತಿ ಇಳಿಯಲೇಬೇಕಾದರೆ ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ಹಾರಿ, ಕಾಲು ಎತ್ತದೆ ಎಳೆಯುತ್ತಾ ದೂರ ಸರಿಯಬೇಕು. ಹೀಗೆ ತಂತಿ ತಾಗಿದ ಅಥವಾ ಬ್ರೇಕಿಗೆ ಬೆಂಕಿ ಹತ್ತಿದ ದೊಡ್ಡ ಡಂಪರಿನ ಟೈರುಗಳು ಒಳಗೊಳಗೇ ಸುಟ್ಟು ಗಂಟೆಗಳ ನಂತರವೂ ಸ್ಫೋಟಿಸುತ್ತವೆ. 300 ಮೀಟರ್ ದೂರವಿಟ್ಟು 24 ಗಂಟೆ ಹತ್ತಿರ ಹೋಗಬೇಡಿ. ತ್ಯಾಜ್ಯ ಮಣ್ಣುಕಲ್ಲು ಸುರಿಯುವ ಅಂಚಿನ ಮಣ್ಣಿನ ದಿಂಡು ಅಲ್ಲಿ ಓಡಾಡುವ ಅತಿದೊಡ್ಡ ಗಾಡಿಯ ಚಕ್ರದ ಅರ್ಧ ಎತ್ತರವಾದರೂ ಇರಲಿ.

ಕೈಗೆಟುಕುವಂತೆ ಇಡಬೇಕಾದದ್ದು

ಇಪ್ಪತ್ತು ಮೂವತ್ತು ಜನರ ಜಾಗಕ್ಕೆ ಟೂರ್ನಿಕೆ 2, ಹತ್ತು ಸೆಂ.ಮೀ. ಅಗಲದ ಗಾಜ್ ಸುರುಳಿ 10, ದೊಡ್ಡ ಗಾಯದ ಪಟ್ಟಿ 4, ಹದಿನೈದು ಸೆಂ.ಮೀ. ಕ್ರೇಪ್ ಬ್ಯಾಂಡೇಜ್ 4, ತ್ರಿಕೋನ ಬಟ್ಟೆ 6, ಗ್ಲೋವ್ಸ್ 10 ಜೊತೆ, ಬಟ್ಟೆ ಕತ್ತರಿಸುವ ಮೊಂಡುಮೊನೆ ಕತ್ತರಿ, ಶುದ್ಧ ನೀರು 5 ಲೀಟರ್, ಬೆಡ್‌ಶೀಟ್ 2, ಕಂಬಳಿ 2, ಪಟ್ಟಿಗಳಿರುವ ಹಲಗೆ ಸ್ಟ್ರೆಚರ್, ಗುರುತಿನ ಪೆನ್ನು, ಟಾರ್ಚ್, ಸೀಟಿ ಬೇಕು. ಇದರ ಪಕ್ಕದಲ್ಲೇ ಅರ್ಧ ಮೀಟರ್ ಉದ್ದದ ಮರದ ತುಂಡು 20, ಬೆಣೆ 10, ಹಾರೆ 2, ಹತ್ತು ಟನ್ ಜಾಕ್ 2. ಹತ್ತಿ ಬೇಡ, ಎಳೆ ಗಾಯಕ್ಕೆ ಅಂಟುತ್ತದೆ. ಪೆಟ್ಟಿಗೆ ದೂಳು ಹೋಗದಂತಿರಲಿ, ಕೆಲಸದ ಮಟ್ಟದಲ್ಲೇ ಇರಲಿ. ಮೇಲಿನ ಆಫೀಸಿನಲ್ಲಿ ಬೀಗ ಹಾಕಿಟ್ಟ ಪೆಟ್ಟಿಗೆ ತಪಾಸಣೆಗೆ ಬಂದವರಿಗೆ ತೋರಿಸಲು ಮಾತ್ರ ಆದೀತು.

ಬರೆದಿಡುವುದು

ಗಾಯಾಳುವನ್ನು ಕಳಿಸಿದ ಮೇಲೆ ಜಾಗವನ್ನು ಹಾಗೇ ಬಿಡಿ. ಯಂತ್ರ ಸರಿಸುವ ಮುನ್ನ ದೂರದಿಂದ, ಹತ್ತಿರದಿಂದ, ಅಳತೆಗೆ ಹಾರೆ ಇಟ್ಟು ಫೋಟೋ ತೆಗೆಯಿರಿ. ದಿನ, ಹೊತ್ತು, ಯಾವ ಕೆಲಸ, ಯಾರು ಹೇಳಿದ ಕೆಲಸ, ಯಾರು ನೋಡಿದರು, ಯಾವ ಯಂತ್ರ, ಹಿಂದಿನ ದಿನ ಮಳೆ ಬಂದಿತ್ತೇ, ಕೊನೆಯ ಸಿಡಿತ ಯಾವಾಗ, ಗೋಡೆಯ ಸಡಿಲ ಕಲ್ಲನ್ನು ಮೇಲಿಂದ ಕೆಳಕ್ಕೆ ಕೆಡವಿದ್ದು ಯಾವಾಗ ಎಂದು ಅಂದೇ ಬರೆಯಿರಿ. ಆಸ್ಪತ್ರೆಯ ಮೊದಲ ಚೀಟಿಯಲ್ಲಿ 'ಕೆಲಸದ ಜಾಗದಲ್ಲಿ ಆದ ಗಾಯ' ಎಂದು ಬರೆಸಿ. 'ಮನೆಯಲ್ಲಿ ಬಿದ್ದದ್ದು' ಎಂದು ಬರೆಸಿದರೆ ಪರಿಹಾರದ ದಾರಿ ಅಲ್ಲೇ ಮುಚ್ಚಿಹೋಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1995ರಲ್ಲಿ ಅಂಗೀಕರಿಸಿದ ಗಣಿ ಸುರಕ್ಷತೆಯ 176ನೇ ಒಡಂಬಡಿಕೆಯು ಅಪಘಾತವನ್ನು ವರದಿ ಮಾಡುವುದನ್ನೂ, ಗಂಭೀರ ಅಪಾಯ ಕಂಡ ಜಾಗದಿಂದ ಹೊರಬರುವುದನ್ನೂ ಕೆಲಸಗಾರರ ಹಕ್ಕೆಂದು ಹೇಳುತ್ತದೆ.

ಏಟು ಬೀಳದೆ ಆಗುವ ಗಾಯ

ಜಾಕ್ ಹ್ಯಾಮರಿನ ಅದುರಿಗೆ ಬೆರಳ ರಕ್ತನಾಳ ಕೆಟ್ಟು, ಚಳಿಗೆ ಬೆರಳ ತುದಿ ಬಿಳಿಚಿ ಮರಗಟ್ಟುತ್ತದೆ. ಅಮೆರಿಕದ ಇಂಡಿಯಾನಾದ ಸುಣ್ಣಕಲ್ಲು ಕ್ವಾರಿಗಳಲ್ಲಿ ಆಲಿಸ್ ಹ್ಯಾಮಿಲ್ಟನ್ 1918ರಲ್ಲೇ ಇದನ್ನು ದಾಖಲಿಸಿದ್ದಾರೆ. ಯುರೋಪಿನ ಮಿತಿಯ ಪ್ರಕಾರ, ಅದುರಿನ ಅಳತೆ ಸೆಕೆಂಡ್ ವರ್ಗಕ್ಕೆ 10 ಮೀಟರ್ ಇರುವ ಯಂತ್ರವನ್ನು ಒಬ್ಬರು ದಿನಕ್ಕೆ 2 ಗಂಟೆಗಿಂತ ಹೆಚ್ಚು ಹಿಡಿಯಬಾರದು. ಅರ್ಧ ಗಂಟೆ ದಾಟಿದರೇ ಅದುರು ತಗ್ಗಿಸುವ ಕ್ರಮ ಶುರುವಾಗಬೇಕು. ಸದ್ದಿಗೆ 85 ಡೆಸಿಬೆಲ್‌ನಲ್ಲಿ 8 ಗಂಟೆ, ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧ. 100 ಡೆಸಿಬೆಲ್‌ಗೆ 15 ನಿಮಿಷ ಅಷ್ಟೇ.

ದೂಳಿನ ವಿಷಯದಲ್ಲಿ ಕಣ್ಣಿಗೆ ಕಾಣುವ ಮೋಡಕ್ಕಿಂತ ಕಾಣದ ಕಣ ಅಪಾಯ. ಗಾಳಿಯ ಒಂದು ಘನ ಮೀಟರಿನಲ್ಲಿ 0.05 ಮಿಲಿಗ್ರಾಂ ಸಿಲಿಕಾ (ಕಲ್ಲಿನ ದೂಳಿನಲ್ಲಿರುವ ಖನಿಜ) ಎಂಬ ಮಿತಿ ಬರಿಗಣ್ಣಿಗೆ ಶುದ್ಧ ಗಾಳಿಯಂತೆಯೇ ಕಾಣುತ್ತದೆ. ಟವೆಲು, ಕರವಸ್ತ್ರ ಈ ಕಣವನ್ನು ತಡೆಯುವುದಿಲ್ಲ. ಡ್ರಿಲ್ ಬಾಯಿಗೆ ನೀರು ಬಿಡುವುದು ಮೊದಲ ಕೆಲಸ, ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಎರಡನೆಯದು, ಗಡ್ಡವಿದ್ದರೆ ಅದು ಕೂರುವುದಿಲ್ಲ. ಈ ದೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ, ಜೊತೆಗೆ ಕ್ಷಯ ಬರುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ಒಣ ಕೆಮ್ಮು, ಏರು ಹತ್ತುವಾಗ ಏದುಸಿರು ಶುರುವಾದಾಗ ಬರೀ ಕ್ಷಯದ ಮಾತ್ರೆ ಬರೆಸಿಕೊಂಡು ಬರಬೇಡಿ, ಎಷ್ಟು ವರ್ಷ ಕಲ್ಲಿನ ಕೆಲಸ ಮಾಡಿದ್ದೀರಿ ಎಂದು ವೈದ್ಯರಿಗೆ ಹೇಳಿ. ಕೆಲಸಕ್ಕೆ ಸೇರುವಾಗ ಒಂದು ಎದೆಯ ಎಕ್ಸ್-ರೇ ತೆಗೆಸಿ, ಆಮೇಲಿನ ಪ್ರತಿ ಎಕ್ಸ್-ರೇ, ಉಸಿರಿನ ಪರೀಕ್ಷೆಯ ಚೀಟಿಯನ್ನೂ ದಿನಾಂಕ ಹಾಕಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಮಾಲೀಕರು ಬದಲಾದರೆ, ಕ್ವಾರಿ ಮುಚ್ಚಿದರೆ ಅವರ ಕಡತದಲ್ಲಿದ್ದ ಪ್ರತಿ ಸಿಗುವುದಿಲ್ಲ, ಹಳೆಯದಿಲ್ಲದೆ ಹೊಸದನ್ನು ಹೋಲಿಸಿ ನೋಡಲು ವೈದ್ಯರಿಗೂ ಆಗುವುದಿಲ್ಲ.